ಕಬ್ಬಿಣದ ತಂತಿಯ ನೇರಳೆ

೧೪-೯-೧೯೭೨, ಗುರುವಾರ

ಆ ನೇರಳೆ ಬಣ್ಣ ಕಣ್ಣಿಂದ ಹೋಗುತ್ತಿಲ್ಲ.

ಸೋಮವಾರ ಅಂತರಸಂತೆ ಕಡೆಯ ಕಾಡಿನ ಹಾಡಿಯಿಂದ, ಜೇನು ಮಾರುವ ಮುತ್ತನ ಮಗಳ ಭೇದಿಯ ಮಾದರಿ ಲ್ಯಾಬಿಗೆ ಬಂದಿತ್ತು. ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ತಂತಿಯಿಂದ ಎತ್ತಿ, ಮದ್ದು ಹಾಕಿದ ಕಾಗದಕ್ಕೆ ನಿನ್ನೆ ಉಜ್ಜಿದೆ. ಕಾಲರಾದ್ದಾದರೆ ಅದರ ಕಿಣ್ವದಿಂದ ಕಾಗದ ಹತ್ತೇ ಸೆಕೆಂಡಿಗೆ ನೇರಳೆಯಾಗಬೇಕು. ಆಯಿತು. ‘ಕಾಲರಾ ಶಂಕೆ’ ಎಂದು ಬರೆದುಕೊಟ್ಟೆ.

ಇವತ್ತು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಮುತ್ತ ನಿಂತಿದ್ದ. “ಮಗಾ ಎದ್ದು ಕೂತದೆ ಬುದ್ಧಿ. ಆದ್ರೆ ಕಾಲರಾ ಅಂತ ಹಾಡಿಯೋರ್ನ ಸಂತೆ ಒಳಿಕೆ ಬುಡ್ತಿಲ್ಲ. ತಂದಿದ್ ಜೇನ್ನೆಲ್ಲ ದಾರೀಲೇ ಚೆಲ್ಲುದ್ರು.”

ಕೈಯಲ್ಲಿದ್ದ ತಂತಿ ನೋಡಿಕೊಂಡೆ. ಪ್ಲಾಟಿನಂ ತಂತಿ ಮುರಿದ ಮೇಲೆ ನಾನೇ ಬಗ್ಗಿಸಿಕೊಂಡ ಕಬ್ಬಿಣದ್ದು. ಬರೀ ತಂತಿಯನ್ನೇ ಹೊಸ ಕಾಗದಕ್ಕೆ ಉಜ್ಜಿದೆ. ನೇರಳೆ! ಕಬ್ಬಿಣ ತಾಗಿಸಬೇಡಿ ಎಂದು ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದರು. ಪೊರಕೆ ಕಡ್ಡಿಯಿಂದ ಅದೇ ಬ್ಯಾಕ್ಟೀರಿಯಾ ಎತ್ತಿ ಉಜ್ಜಿ, ನೂರು ಎಣಿಸಿದೆ. ಕಾಗದ ಬೆಳ್ಳಗೇ ಇತ್ತು.

‘ಕಾಲರಾ ಅಲ್ಲ’ ಎಂಬ ಹೊಸ ವರದಿಗೆ ಡಾಕ್ಟರು ಸಹಿ ಹಾಕಿದರು. ಮುತ್ತ ಅದನ್ನು ಕಣ್ಣಿಗೊತ್ತಿಕೊಂಡ. “ನಿಮ್ಮಿಂದ ಉಳ್ಕಂಡೋ ಬುದ್ಧಿ” ಎಂದು ಕೈಮುಗಿದ.

ನಾನೂ ಕೈಮುಗಿದೆ. ತಂತಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ.