ರಂಜಿತಳನ್ನು ಕಳಿಸಲೇ ಎಂದು ಕೇಳಿದೆಯಲ್ಲ

ಇಂಗ್ಲೆಂಡ್
ಅಕ್ಟೋಬರ್ 13, 2024

ಪ್ರೀತಿಯ ಸುನಂದಾ,

ನೀನು, ನಿನ್ನ ಮನೆಯವರು, ಮಗಳು ರಂಜಿತ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸುಗಟೂರಿನ ಕಡೆ ಈ ಸಲ ಮಳೆ ಹೇಗೆ? ರೇಷ್ಮೆ ಹುಳ ಚೆನ್ನಾಗಿ ಮೇಯುತ್ತಿವೆಯೇ? ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡ. ಬಲಗೈಗೆ ಕಟ್ಟು ಹಾಕಿದ್ದರು. ಬಿಚ್ಚಿದ ಮೇಲೂ ಎರಡು ಬೆರಳು ಸರಿಯಾಗಿ ಮಡಚುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ವಾಟ್ಸಾಪಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಫೋನು ಯಾವಾಗಲೂ ರಂಜಿತಳ ಕೈಯಲ್ಲಿರುತ್ತದೆ. ಇದನ್ನು ಮೊದಲು ನೀನು ಓದು.

ನೀನು ಕಳಿಸಿದ ವಾಯ್ಸ್ ಮೆಸೇಜು ಇನ್ನೂ ಇದೆ. "ಅಸ್ಗರಿ, ನಿಜ ಹೇಳೇ. ಟೀವೀಲಿ ಬೆಂಕಿ ತೋರಿಸ್ತಾವ್ರೆ, ಏಜೆಂಟು ಸ್ವರ್ಗ ಅಂತಾನೆ. ನೀನಿರೋ ಊರಲ್ಲೇ ನಮ್ ಹುಡುಗೀಗೆ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕೈತೆ. ಕಳಿಸ್ಲಾ, ಬ್ಯಾಡ್ವಾ?" ಇಷ್ಟೇ ನಿನ್ನ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಾವು ಕೋಲಾರದ ಕಾಲೇಜಿಗೆ ಹೋಗುವಾಗ ಬಸ್ಸಿನ ನೂಕಾಟದಲ್ಲಿ ಕೈಯಲ್ಲಿ ಪಿನ್ನು ಹಿಡಿದುಕೊಂಡು ನಿಲ್ಲುತ್ತಿದ್ದೆವಲ್ಲ, ಇಲ್ಲಿ ಅದು ಬೇಕಾಗಿಲ್ಲ. ಚಳಿಗಾಲದಲ್ಲಿ ಕತ್ತಲಿರುವಾಗಲೇ ಕೆಲಸಕ್ಕೆ ನಡೆದು ಹೋಗಿದ್ದೇನೆ, ಯಾರೂ ತಿರುಗಿ ನೋಡಿಲ್ಲ. ಪರ್ಸು ಕಳೆದುಕೊಂಡಾಗ ಯಾರೋ ಮನೆಗೇ ತಂದುಕೊಟ್ಟರು. ಫುಟ್‌ಬಾಲ್ ಆಟವಿರುವ ದಿನ ರೈಲ್ವೆ ಸ್ಟೇಷನ್ ಕಡೆ ಸುಳಿಯಬಾರದು, ಕುಡಿದವರು ಎದುರಾದರೆ ರಸ್ತೆ ದಾಟಬೇಕು. ಇಷ್ಟನ್ನು ಯಾರಾದರೂ ಹೇಳಿಕೊಡುತ್ತಾರೆ. ಈ ಆಗಸ್ಟಿನವರೆಗೆ ನೀನು ಕೇಳಿದ್ದರೆ, ಕಣ್ಣು ಮುಚ್ಚಿಕೊಂಡು ಕಳಿಸು ಅನ್ನುತ್ತಿದ್ದೆ.

ಜುಲೈ ಕೊನೆಗೆ ಬೇರೆ ಯಾವುದೋ ಊರಿನಲ್ಲಿ ಪುಟ್ಟ ಹುಡುಗಿಯರಿಗೆ ಚಾಕು ಹಾಕಿದರೆಂದು ಸುದ್ದಿ ಬಂತು. ಹಾಕಿದವನು ನಮ್ಮಂಥವನು, ಹೊರಗಿನಿಂದ ಬಂದವನು ಎಂದು ಫೋನಿನಿಂದ ಫೋನಿಗೆ ಹರಡಿತು. ಅದು ಸುಳ್ಳೆಂದು ಗೊತ್ತಾಗುವಷ್ಟರಲ್ಲಿ ನಾನಿರುವ ಊರಿನ ಬೀದಿಯಲ್ಲಿ ಅಂಗಡಿಗಳ ಗಾಜು ಒಡೆಯುತ್ತಿದ್ದವು.

ಅವತ್ತು ಭಾನುವಾರ, ಮಧ್ಯಾಹ್ನ. ನಾನು ನೋಡಿಕೊಳ್ಳುವ ಡೋರಿಸ್ ಅಜ್ಜಿಗೆ ಊಟದ ಹೊತ್ತಾಗಿತ್ತು. ಬಸ್ಸು ನಿಂತಿದ್ದರಿಂದ ನಮ್ಮ ಮನೆಯವರು, ಏಜಾಜ್, ತಮ್ಮ ಟ್ಯಾಕ್ಸಿಯಲ್ಲೇ ಬಿಡುತ್ತೇನೆಂದು ಹೊರಟರು. ವೇಮಗಲ್‌ನಲ್ಲಿ ಕಾರ್ಖಾನೆ ಬಸ್ಸು ಓಡಿಸಿದವರು, ಸಂದುಗೊಂದುಗಳಲ್ಲಿ ನುಸುಳುವುದು ಅವರಿಗೆ ಗೊತ್ತು. ಆದರೆ ಸರ್ಕಲ್ಲಿನಲ್ಲಿ ಕಸದ ಡಬ್ಬಗಳನ್ನು ಅಡ್ಡವಿಟ್ಟು ಬೆಂಕಿ ಹಚ್ಚಿದ್ದರು. ಹಿಂದೆ ತಿರುಗಿಸಲು ನೋಡಿದರೆ ಅಲ್ಲೂ ಜನ.

ಒಬ್ಬ ಕಿಟಕಿಗೆ ಬಗ್ಗಿ, "ಯಾವ ದೇಶ?" ಎಂದ. ಏಜಾಜ್ ಉತ್ತರ ಹೇಳುವ ಮೊದಲೇ ಮುಂದಿನ ಗಾಜಿಗೆ ಇಟ್ಟಿಗೆ ಬಿತ್ತು. ಗಾಜಿನ ಚೂರು ನನ್ನ ತುಟಿಗೆ ತಾಗಿ ಬಾಯಿ ತುಂಬ ರಕ್ತ. ಬಾಗಿಲು ಕಿತ್ತು ಏಜಾಜರನ್ನು ಕಾಲರ್ ಹಿಡಿದು ಎಳೆದರು. ಹೋಗುತ್ತಾ ಹೋಗುತ್ತಾ ಅವರು ನನಗೆ, "ಅಸ್ಗರಿ, ಉತರ್ ನಕ್ಕೋ," ಎಂದರು. ಇಳಿಯಬೇಡ ಎಂದರು. ನಾನು ಇಳಿದೆ.

ಅವರು ನೆಲದ ಮೇಲೆ ಮುದುಡಿದ್ದರು. ಒಬ್ಬನ ಕೈಯಲ್ಲಿ ಬೇಲಿಯ ಗೂಟ ಇತ್ತು. ಅದು ಬೆನ್ನ ಮೇಲೆ ಬೀಳುವ ಸದ್ದು ಗೋಣಿಚೀಲ ಬಡಿದಂತೆ ಕೇಳುತ್ತಿತ್ತು. ನಾನು ಮೇಲೆ ಬಿದ್ದು ಅವರ ತಲೆ ಮುಚ್ಚಿದೆ. ಬೂಟು ಬಂದು ನನ್ನ ಕೈಯನ್ನು ತುಳಿಯಿತು. ಮೂಳೆ ಮುರಿದದ್ದು ನನಗೇ ಕೇಳಿಸಿತು. ಒಬ್ಬ ಹೆಂಗಸು ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ವಿಡಿಯೋ ಮಾಡುತ್ತಿದ್ದಳು.

ಆಗ ಯಾರೋ ನನ್ನ ಎರಡೂ ಭುಜ ಹಿಡಿದು ಎಬ್ಬಿಸಿದರು. ತಿರುಗಿ ನೋಡಿದರೆ ರೈಯನ್. ಡೋರಿಸ್ ಅಜ್ಜಿಯ ಮೊಮ್ಮಗ. ವಾರಕ್ಕೊಮ್ಮೆ ಅಜ್ಜಿಯನ್ನು ನೋಡಲು ಬರುವವನು, ನಾನು ಮಾಡಿದ ಚಹಾ ಕುಡಿಯುವವನು, ಹಬ್ಬದ ಸೇಮಿಯಾ ಪಾಯಸದ ಡಬ್ಬ ತೊಳೆದು ವಾಪಸು ಕೊಟ್ಟವನು. ಅವನು ಉಳಿದವರಿಗೆ ಕೂಗಿ ಹೇಳಿದ: "ಇವಳನ್ನು ಬಿಡ್ರೋ. ಇವಳು ಪರವಾಗಿಲ್ಲ, ನಮ್ಮಜ್ಜಿನ ನೋಡ್ಕೊಳ್ಳೋಳು."

ಬಹಳ ಜೋಪಾನವಾಗಿ, ಸುನಂದಾ, ಮುರಿದ ಕೈಗೆ ನೋವಾಗದ ಹಾಗೆ ನನ್ನನ್ನು ನಡೆಸಿಕೊಂಡು ಹೋಗಿ ಒಂದು ಮುಚ್ಚಿದ ಅಂಗಡಿಯ ಗೋಡೆಗೆ ಒರಗಿಸಿದ. ಆಮೇಲೆ ವಾಪಸು ಓಡಿಹೋಗಿ ಏಜಾಜರ ಮುಖಕ್ಕೆ ಒದ್ದ.

ನಾನು ಅವನ ಹೆಸರು ಹಿಡಿದು ಕೂಗಿದೆ. ಅವರು ನನ್ನ ಗಂಡ ಎಂದು ಕೂಗಿದೆ. ಅವನು ಒಂದು ಸಲ ತಿರುಗಿ ನೋಡಿದ. ಇನ್ನೊಮ್ಮೆ ಒದ್ದ. ನಾನು ಮತ್ತೆ ಹೋಗಲು ನೋಡಿದಾಗ ಬೇರೆ ಇಬ್ಬರು ಹಿಡಿದುಕೊಂಡರು.

ಕೊನೆಗೆ ಬಿಡಿಸಿದವಳು ಒಬ್ಬ ಬಸ್ ಡ್ರೈವರ್. ಡಿಪೋಗೆ ಖಾಲಿ ಬಸ್ಸು ಒಯ್ಯುತ್ತಿದ್ದ ವಯಸ್ಸಾದ ಬಿಳಿ ಹೆಂಗಸು. ಹಾರ್ನ್ ಒತ್ತಿ ಹಿಡಿದು ಜನರ ಮಧ್ಯಕ್ಕೇ ನುಗ್ಗಿಸಿದಳು. ಅವರು ಚೆದುರುತ್ತಿದ್ದಂತೆ ಇಳಿದು ಬಂದು ಏಜಾಜರ ಕಂಕುಳಿಗೆ ಕೈ ಹಾಕಿ ಬಸ್ಸಿನೊಳಕ್ಕೆ ಎಳೆದುಹಾಕಿದಳು. ನಾನೂ ಬಿಡಿಸಿಕೊಂಡು ಹಿಂದೆಯೇ ಹತ್ತಿದೆ. ಬಸ್ಸಿನ ಕಿಟಕಿಗಳೂ ಒಡೆದವು. ದಾರಿಯುದ್ದಕ್ಕೂ ಅವಳು ಅಳುತ್ತಾ ಬೈಯುತ್ತಾ ಓಡಿಸಿ ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದಳು.

ಏಜಾಜರ ದವಡೆ ಎರಡು ಕಡೆ ಮುರಿದಿತ್ತು. ಎಡಕಿವಿ ಹೋಯಿತು. ಮರುದಿನ ಊರಿನ ಜನ ಪೊರಕೆ ಹಿಡಿದು ಬೀದಿ ಗುಡಿಸಿದರು, ಪಕ್ಕದ ಮನೆಯವರು ಸೂಪು ತಂದುಕೊಟ್ಟರು. ಅದೂ ನಿಜ, ಬರೆಯದಿದ್ದರೆ ಪಾಪ.

ಪೊಲೀಸರು ವಿಡಿಯೋ ತೋರಿಸಿ ಯಾರನ್ನಾದರೂ ಗುರುತಿಸುತ್ತೀಯಾ ಎಂದಾಗ ನಾನು ರೈಯನ್ ಹೆಸರು ಹೇಳಿದೆ. ಡೋರಿಸ್ ಅಜ್ಜಿ ಕರೆಸಿಕೊಂಡಳು. ನನ್ನ ಕೈಯ ಕಟ್ಟು ಸವರಿ ತುಂಬ ಅತ್ತಳು. ಆಮೇಲೆ, "ನಿನ್ನನ್ನ ಅವನು ಕಾಪಾಡಿದನಲ್ಲಮ್ಮ. ಅದನ್ನ ಜಡ್ಜಿಗೆ ಹೇಳ್ತೀಯಾ?" ಎಂದಳು. "ಹೇಳ್ತೀನಿ. ಮಿಕ್ಕಿದ್ದನ್ನೂ ಹೇಳ್ತೀನಿ," ಎಂದೆ. ಹಾಗೇ ಹೇಳಿದೆ. ಅವನಿಗೆ ಜೈಲಾಯಿತು. ಅಜ್ಜಿಯ ಮನೆಗೆ ಈಗ ಬೇರೆಯವಳು ಹೋಗುತ್ತಾಳೆ.

ಇನ್ನು ನಿನ್ನ ಪ್ರಶ್ನೆ. ಬರಬೇಡ ಅಂದರೆ ಆ ಸರ್ಕಲ್ಲಿನಲ್ಲಿ ನಿಂತವರಿಗೆ ಬೇಕಾಗಿದ್ದ ಮಾತನ್ನೇ ನಾನು ಹೇಳಿದ ಹಾಗೆ. ಬಾ ಅಂದರೆ ನಾಳೆ ನಿನ್ನ ಮುಖ ನೋಡುವ ಧೈರ್ಯ ನನಗಿರಬೇಕು. ರಂಜಿತ ದೊಡ್ಡವಳು, ಓದಿದವಳು. ಈ ಕಾಗದವನ್ನು ಅವಳ ಕೈಗೇ ಕೊಡು. ಎಲ್ಲ ಓದಿಯೂ ಬರುತ್ತೇನೆ ಅಂದರೆ ಬರಲಿ. ನನ್ನ ಮನೆಯಲ್ಲೇ ಇರಲಿ, ಒಂದು ರೂಮು ಖಾಲಿ ಇದೆ. ಮೊದಲ ದಿನವೇ ಅಕ್ಕಪಕ್ಕದವರನ್ನು ಪರಿಚಯ ಮಾಡಿಸುತ್ತೇನೆ. ಗಲಾಟೆಯ ಸುದ್ದಿ ಬಂದ ದಿನ ಎಂಥ ಕೆಲಸವಿದ್ದರೂ ಹೊರಗೆ ಬಿಡುವುದಿಲ್ಲ. ನನ್ನ ಕೈಲಾದದ್ದು ಇಷ್ಟು. ಇದಕ್ಕಿಂತ ಹೆಚ್ಚಿನ ಮಾತು ಕೊಟ್ಟರೆ ನಾನೂ ಏಜೆಂಟಿನ ಹಾಗೆ ಆಗುತ್ತೇನೆ.

ರಂಜಿತಳಿಗೆ ನನ್ನ ಆಶೀರ್ವಾದ. ಎಲ್ಲಿದ್ದರೂ ಅವಳ ಮೈಮೇಲೆ ಒಂದು ಗೀರೂ ಬೀಳದಿರಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಸ್ಗರಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಈ ಕಾಗದ ನಿನಗೆ ತಂದುಕೊಡುವವರು ಏಜಾಜ್. ರಜಕ್ಕೆ ಬಂದಿದ್ದೇನೆ ಅನ್ನುತ್ತಾರೆ. ಅವರು ವಾಪಸು ಬರುವುದಿಲ್ಲ. "ನಾನೂ ಬರ್ತೀನಿ" ಅಂದೆ, ಬೇಡ ಅಂದರು. "ಅವ್ರು ನಿನ್ನ ಬಿಟ್ರು, ನನ್ನ ಬಿಡ್ಲಿಲ್ಲ. ನಿನ್ನ ಮುಖ ನೋಡ್ದಾಗೆಲ್ಲ ನಂಗೆ ಅದೇ ಕಾಣುತ್ತೆ. ನಿನ್ ತಪ್ಪಲ್ಲ ಅಂತ ಗೊತ್ತು. ಆದ್ರೂ ಕಾಣುತ್ತೆ." ಸೂಟ್‌ಕೇಸು ನಾನೇ ತುಂಬಿದೆ. ಏನೂ ಗೊತ್ತಿಲ್ಲದ ಹಾಗೆ ಇರು, ಅವರ ಬಲಗಡೆ ಕೂತು ಮಾತಾಡಿಸು. ಗಟ್ಟಿ ಪದಾರ್ಥ ಅಗಿಯಲು ಇನ್ನೂ ಆಗುವುದಿಲ್ಲ. ಬಂದ ದಿನ ಸೊಪ್ಪಿನ ಸಾರು ಮಾಡಿ, ಬಿಸಿ ಮುದ್ದೆ ಹಾಕು. ಮುದ್ದೆಯನ್ನು ಅಗಿಯಬೇಕಾಗಿಲ್ಲ.