ಬೆನ್ನಿಗೊಂದು ಗೋಡೆ

೧೨ ಸೆಪ್ಟೆಂಬರ್ ೧೯೮೯, ಮಂಗಳವಾರ. ಜೇವರ್ಗಿ.

ಇನ್ನೂ ನಗು ತಡೆಯಲಾಗುತ್ತಿಲ್ಲ. ಏನಾಯ್ತೆಂದು ಅವ್ವ ಕೇಳಿಯೇ ಕೇಳಿದಳು. ಹೇಳಲಿಲ್ಲ. ಹೇಳಿದರೆ ನೌಕರಿಯನ್ನೇ ಬಿಡಿಸುತ್ತಾಳೆ.

ನಾನು ಟೈಪು ಮಾಡುವಾಗ ತಪ್ಪು ನೋಡುವ ನೆಪದಲ್ಲಿ ಮ್ಯಾನೇಜರ್ ಹಿಂದೆ ಬಂದು ನಿಲ್ಲುತ್ತಿದ್ದ. ಹೆಗಲ ಮೇಲೆ ಕೈ, ಕಿವಿಯ ಹತ್ತಿರ ಆ ಜರ್ದಾ ವಾಸನೆಯ ಉಸಿರು. ಥೂ! ಇವತ್ತು ಆಫೀಸು ತೆರೆಯುತ್ತಲೇ ನಾನೂ ಕ್ಲಾರ್ಕ್ ದ್ರೌಪದಿಯೂ ಸೇರಿ ನನ್ನ ಮೇಜನ್ನೇ ತಿರುಗಿಸಿಬಿಟ್ಟೆವು. ಈಗ ನನ್ನ ಕುರ್ಚಿ ಗೋಡೆಗೆ ಅಂಟಿಕೊಂಡಿದೆ. ಹಿಂದೆ ಬೆಕ್ಕು ಕೂಡ ನುಸುಳಲಾರದು.

ಬಂದ. ಹಿಂದೆ ಹೋಗಲು ಆ ಕಡೆ ನೋಡಿದ, ಈ ಕಡೆ ನೋಡಿದ.

“ಟೇಬಲ್ ಯಾಕ ತಿರುಗಿಸೀರಿ?”

“ಹಿಂಗ ಬೆಳಕು ಛಲೋ ಬೀಳ್ತದ್ರಿ ಸಾಹೇಬ್ರ. ಇನ್ನ ತಪ್ಪಾಗಂಗಿಲ್ರಿ,” ಅಂದಳು ದ್ರೌಪದಿ.

ನಾನು ಕಾಗದವನ್ನು ಮೇಜಿನ ಈಚೆಯಿಂದಲೇ ಚಾಚಿದೆ. ಪಾಠ ಒಪ್ಪಿಸುವವನ ಹಾಗೆ ಎದುರಿಗೆ ನಿಂತು ಓದಿದ!

ಸಂಜೆ ವತ್ಸಲಾಬಾಯಿ ಕರೆದರು. ಆಫೀಸಿನಲ್ಲಿ ನಮಗೆಲ್ಲ ಹಿರಿಯರು, ಬರುವ ವರ್ಷ ರಿಟೈರ್ ಆಗುವವರು. ಹಿಂದೊಮ್ಮೆ ನಾನು ಅತ್ತಾಗ “ಸುಮ್ಮನಿರು” ಎಂದು ಗದರಿದ್ದವರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ಅವರು ತಲೆ ಎತ್ತದೆ ಮೆಲ್ಲಗೆ ಅಂದರು:

“ನಾಳೆ ಇಬ್ರೂ ಲಗೂ ಬರ್ರಿ. ನಂದೂ ತಿರುಗಿಸೋಣು.”

ಅವರ ಮೇಜು ಹಳೆಯದು, ತೇಗದ್ದು. ಒಬ್ಬರಿಂದ ಅಲುಗುವಂಥದ್ದಲ್ಲ. ಇಷ್ಟು ವರ್ಷ ಅವರೂ...

ನಾಳೆ ಬೇಗ ಏಳಬೇಕು.