ಬೀರುವಿನ ಹಿಂದಿನ ಗಾಜು

ಮನೆಯಿಂದ,
ಬುಧವಾರ, ಜುಲೈ ೧೭

ಪ್ರೀತಿಯ ನಿಮಗೆ,

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದು ಇನ್ನೂ ಪೆಟ್ಟಿಗೆಯ ತಳದಲ್ಲೇ ಇದೆಯೋ? ನಾನು ಚೆನ್ನಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ, ಈಗೀಗ ನನ್ನ ಕನ್ನಡಕ ಹುಡುಕಿಕೊಡುವುದಕ್ಕೂ ಕೂಲಿ ಕೇಳುತ್ತಾಳೆ. ಮನೆಯ ಆರೋಗ್ಯ ಮಾತ್ರ ಅಷ್ಟಕ್ಕಷ್ಟೆ.

ನಮ್ಮ ಮಲಗುವ ಕೋಣೆಯ ಬಾಗಿಲು ಹಾಕಲು ಬಾರದಂತಾಗಿ, ಕೊನೆಗೂ ಮೇಸ್ತ್ರಿಯನ್ನು ಕರೆಸಿದೆ. ವಯಸ್ಸಾದವರು, ಮಾತು ಕಡಿಮೆ. ಜೇಬಿನಿಂದ ಒಂದು ಗೋಲಿ ತೆಗೆದು ನೆಲದ ಮೇಲಿಟ್ಟರು. ಅದು ತಾನಾಗಿಯೇ ಹಿಂದಿನ ಮೂಲೆಗೆ ಉರುಳಿಹೋಯಿತು. "ನೋಡಿದ್ರಲ್ಲ ತಾಯಿ, ಇನ್ನು ನಾನೇನು ಹೇಳ್ಲಿ" ಎಂದರು. ಮೂಲೆಯಲ್ಲಿ ಅಗೆದಾಗ ಮಣ್ಣು ನೆನೆದ ಹತ್ತಿಯಂತಿತ್ತು. ಬಚ್ಚಲಿನ ಕೊಳವೆ ಎಷ್ಟು ವರ್ಷದಿಂದಲೋ ನೆಲದೊಳಗೇ ಸೋರಿ, ಪಾಯದ ಕಲ್ಲುಗಳ ನಡುವಿನ ಗಾರೆಯನ್ನೆಲ್ಲ ತೊಳೆದುಬಿಟ್ಟಿದೆ. ಗೋಡೆಯ ಉದ್ದಕ್ಕೆ ಮೂರು ಅಡಿಯಷ್ಟೇ ಅಗೆದು ತಳದಿಂದ ಕಾಂಕ್ರೀಟು ತುಂಬಬೇಕು, ಅದು ಗಟ್ಟಿಯಾದ ಮೇಲೆ ಮುಂದಿನ ಮೂರು ಅಡಿ; ಒಟ್ಟಿಗೆ ಅಗೆದರೆ ಗೋಡೆ ಕೂತುಬಿಡುತ್ತದಂತೆ. ಅವರು ಹೇಳಿದ ಮೊತ್ತ ಕೇಳಿ ನಾನೇ ಕೂತುಬಿಟ್ಟೆ. ನಿಮ್ಮ ಎರಡು ವರ್ಷದ ಉಳಿತಾಯ ಅದಕ್ಕೇ ಆಗುತ್ತದೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಆ ಮೂಲೆಯ ಗೋಡೆಯಲ್ಲಿ ಬಿಟ್ಟಿರುವ ಬಿರುಕು ನನಗೆ ಹೊಸದಲ್ಲ. ಆರು ವರ್ಷದ ಹಿಂದೆ, ನೀವು ರಜೆಗೆ ಬರುವ ಮೊದಲ ವಾರ, ಸುಣ್ಣ ಮೆತ್ತಿಸಿ ಬೀರುವನ್ನು ಅದಕ್ಕೆ ಅಡ್ಡವಾಗಿ ತಳ್ಳಿಸಿಟ್ಟೆ. ವರ್ಷಕ್ಕೆ ಇಪ್ಪತ್ತು ದಿನ ಸಿಗುವವರು ನೀವು. ಅದರಲ್ಲಿ ಹತ್ತು ದಿನ ಸಿಮೆಂಟು, ಮರಳು ಎಂದು ಅಲೆದರೆ ನನಗೆ ಉಳಿಯುವುದೇನು? ನಿಮ್ಮನ್ನು ಗೋಡೆಯ ಜೊತೆ ಹಂಚಿಕೊಳ್ಳಲು ಮನಸ್ಸಿರಲಿಲ್ಲ. ಆಮೇಲೆ ಬೀರುವಿನ ಹಿಂದೆ ಇಣುಕುವ ಧೈರ್ಯವೂ ಬರಲಿಲ್ಲ.

ಸೋಮವಾರ ಅದನ್ನು ಸರಿಸಿದರು. ಬಿರುಕಿಗೆ ಅಡ್ಡಲಾಗಿ, ಒಂದರ ಕೆಳಗೊಂದು, ಬೆರಳಗಲದ ಐದು ಗಾಜಿನ ಪಟ್ಟಿಗಳು ಅಂಟಿಕೊಂಡಿದ್ದವು. ಐದೂ ನಡುವೆ ಸೀಳಿಹೋಗಿದ್ದವು. "ಗೋಡೆ ಇನ್ನೂ ಜರುಗ್ತಾ ಇದೆಯಾ ಅಂತ ತಿಳಿಯೋಕೆ ಅಂಟಿಸ್ತಾರೆ. ಜರುಗಿದ್ರೆ ಗಾಜು ಒಡೆಯುತ್ತೆ. ಯಾರೋ ಕಸುಬು ಗೊತ್ತಿದ್ದವರ ಕೈ, ತಾಯಿ" ಎಂದರು ಮೇಸ್ತ್ರಿ. ಪ್ರತಿ ಪಟ್ಟಿಯ ಪಕ್ಕ ಪೆನ್ಸಿಲಿನಲ್ಲಿ ತಾರೀಖು, ನಿಮ್ಮ ವಾಲಿದ ಅಕ್ಷರದಲ್ಲಿ. ಎಲ್ಲವೂ ನಿಮ್ಮ ರಜೆಯ ದಿನಗಳು. ನಾನು ಪಾಠ ಮಾಡಲು ಕಾಲೇಜಿಗೆ ಹೋದ ಹೊತ್ತು ನೋಡಿ, ಅಷ್ಟು ಭಾರದ ಬೀರು ಎಳೆದು, ಸೇತುವೆ ಕೆಲಸದಲ್ಲಿ ಕಲಿತದ್ದನ್ನು ನಮ್ಮ ಗೋಡೆಗೆ ಮಾಡಿ, ಮತ್ತೆ ಇದ್ದ ಹಾಗೆಯೇ ಇಟ್ಟಿದ್ದೀರಿ. ಸಂಜೆ ನಾನು ಬಂದಾಗ ಏನೂ ಅರಿಯದವರಂತೆ ಪೇಪರು ಓದುತ್ತ ಕೂತಿರುತ್ತಿದ್ದಿರಿ.

ಮಗಳಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಅಪ್ಪನೂ ನೀನೂ ಒಂದೇ ಗೋಡೆ ಹತ್ರ ಕಣ್ಣಾಮುಚ್ಚಾಲೆ ಆಡಿದ್ದೀರಲ್ಲಮ್ಮ. ಸುಳ್ಳು ಹೇಳಬಾರದು ಅನ್ನೋ ಪಾಠ ನನಗೆ ಮಾತ್ರಾನಾ?" ಎಂದಳು. ನಾನೂ ನಕ್ಕೆ. ಅವಳು ಆಚೆ ಹೋದ ಮೇಲೆ ನಿಮ್ಮ ಅಂಕಿಗಳನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ನಿಂತೆ. ಪ್ರತಿ ರಜೆ ಮುಗಿಸಿ ಹೋದ ಮೇಲೂ "ಇನ್ನೊಂದು ವರ್ಷ" ಎಂದು ಬರೆಯುತ್ತಿದ್ದಿರಿ. ನಿಮಗೆ ಆ ಊರೇ ರುಚಿಸಿದೆ ಎಂದುಕೊಂಡು, ಆ ಕೋಪಕ್ಕೆ ಎಷ್ಟೋ ಪತ್ರಗಳನ್ನು ನಾಲ್ಕು ಸಾಲಿಗೇ ಮುಗಿಸಿದ್ದೇನೆ. ದಿನವೂ ಕವಿತೆ ಓದುವವಳು ನಾನು; ಆ ಎರಡು ಪದದ ಅರ್ಥ ಈ ಗೋಡೆಯ ಖರ್ಚು ಎಂದು ತಿಳಿಯಲು ಬೀರು ಸರಿಸಬೇಕಾಯಿತು.

ಈಗ ಕಂಪನಿಯವರು ಇನ್ನೆರಡು ವರ್ಷಕ್ಕೆ ಕೇಳಿದ್ದಾರೆ, ತಿಂಗಳ ಕೊನೆಗೆ ಕರಾರಿಗೆ ಸಹಿ ಹಾಕಬೇಕು ಎಂದು ಬರೆದಿದ್ದೀರಿ. ಓದಿದೆ. ಮತ್ತೆ ಮತ್ತೆ ಓದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ನೆನಪು ಹೇಳಿದ್ದಾಳೆ. ನಿಮ್ಮ ನೀಲಿ ಅಂಗಿ ತಾನೇ ಹಾಕಿಕೊಂಡು ಓಡಾಡುವುದನ್ನು ಬರೆಯಬೇಡ ಎಂದೂ ಹೇಳಿದ್ದಾಳೆ.

ನಿಮ್ಮವಳು

ತಾ.ಕ.: ಅಂಚೆಯ ಹೊತ್ತಾಯಿತು, ನೇರ ಹೇಳುತ್ತೇನೆ. ಈ ಕೋಣೆ ಮಾವನವರು ಆಮೇಲೆ ಸೇರಿಸಿ ಕಟ್ಟಿಸಿದ್ದು, ಇದರ ಪಾಯವೇ ಬೇರೆ. ಹಳೆಯ ಮನೆ ಗಟ್ಟಿಯಿದೆ ಎಂದರು ಮೇಸ್ತ್ರಿ. ಕೋಣೆ ಕೆಡವಿ, ಬಾಗಿಲಿದ್ದಲ್ಲಿ ಗೋಡೆ ಕಟ್ಟಲು ನನ್ನ ಸಂಬಳವೇ ಸಾಕು. ನಿಮ್ಮನ್ನು ಕೇಳದೆ ಒಪ್ಪಿಬಿಟ್ಟಿದ್ದೇನೆ, ನಾಳೆ ಚಾವಣಿ ಇಳಿಸುತ್ತಾರೆ. ಸಹಿ ಹಾಕಬೇಡಿ ರೀ. ನಡುಮನೆಯಲ್ಲಿ ನಮ್ಮ ಮಂಚ ಹಿಡಿಸುತ್ತದೆ, ಅಳೆದು ನೋಡಿದ್ದೇನೆ.